ಗಲ್ಲಾದ ಮೇಲೆ ಶೀಲಾವತಿ

“ನಮ್ಮ ಅಮ್ಮನನ್ನು ರಾಣಿಯ ಹಾಗೆ ಇಟ್ಟಿದ್ದೇನೆ” ಎಂದು ವಿಕ್ರೋಳಿಯ ಹೋಟೆಲಿನ ಗಲ್ಲಾದಲ್ಲಿ ಕೂತು ಚೆನ್ನಯ ಹೇಳತೊಡಗಿದರೆ, ಥಾಣೆಯ ಲೋಕಲ್ ರೈಲು ಕೂಡ ನಿಂತು ಕೇಳಿಸಿಕೊಂಡು ಮುಂದೆ ಹೋಗುತ್ತಿತ್ತು. ರಾಣಿ ಶೀಲಾವತಿ ಆ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಇಡ್ಲಿಗೆ ರುಬ್ಬುತ್ತಿದ್ದಳು. ಉಡುಪಿಯಿಂದ ಮದುವೆಯಾಗಿ ಬಂದ ವಾರವೇ ಹಿಡಿದ ರುಬ್ಬುಗುಂಡು. ಗಂಡ ತೀರಿಕೊಂಡ, ಮಗ ಧಣಿಯಾದ, ಗುಂಡು ಮಾತ್ರ ಕೈ ಬಿಡಲಿಲ್ಲ. ಅವಳು ರುಬ್ಬಿದ್ದನ್ನೆಲ್ಲ ಸುರಿದಿದ್ದರೆ ಮಾಹಿಮ್‌ನ ಕಡಲ ಖಾಡಿ ತುಂಬಿ, ಮೇಲೊಂದು ಬಿಲ್ಡಿಂಗ್ ಎದ್ದಿರುತ್ತಿತ್ತು. ಗಿರಾಕಿಗಳಲ್ಲಿ ಅವಳನ್ನು ಕಣ್ಣಾರೆ ಕಂಡವರಿಲ್ಲ.

ರಾಣಿಯೆಂದ ಮೇಲೆ ಚಿತ್ರ ಬೇಡವೇ? ಚೆನ್ನಯ ಗದಿಗೆಪ್ಪನನ್ನು ಕರೆಸಿದ. ಧಾರವಾಡ ಕಡೆಯ ಈತ ಗೋರೆಗಾಂವಿನ ಸಿನಿಮಾ ಸ್ಟುಡಿಯೋದಲ್ಲಿ ಪರದೆಗಳ ಮೇಲೆ ಅರಮನೆ ಬರೆಯುತ್ತಿದ್ದ. ಫೋರ್ಟ್ ಬಡಾವಣೆಯಲ್ಲಿ ಜಪಾನಿ ಚಿತ್ರಗಳ ಪ್ರದರ್ಶನ ನೋಡಿ ಬಂದಂದಿನಿಂದ ಅವನಿಗೆ ನೆರಳು ಕಂಡರಾಗದು. ಬಿಸಿಲಿಗೆ ಕೊಡೆ ಬಿಚ್ಚುವುದನ್ನೇ ಬಿಟ್ಟಿದ್ದನಂತೆ. ಹಿಂದಿನ ಕೋಣೆಗೆ ಹೋಗಿ, ರುಬ್ಬುತ್ತಿದ್ದ ಶೀಲಾವತಿಯ ಎದುರು ಕೂತ.

“ಮಾರಿ ಜಪಾನಿನ ಪದ್ಧತಿ ರೀ ಅಮ್ಮಾರ. ಬರೇ ಗೆರಿ, ನೆರಳಿಲ್ಲ, ಹಿಂದ ಬಂಗಾರದ ಬಣ್ಣ. ಕೈ ಯುರೋಪಿಂದು. ನರ, ಗಂಟು, ಬೆಳಕು, ಕತ್ತಲಿ, ಎಲ್ಲಾ ಇದ್ದಂಗ.”

“ಒಬ್ಬಳಿಗೆ ಎರಡೆರಡು ಯಾಕೆ ಮಾರಾಯ?”

“ಮಾರಿ ಸುಮ್ಮನ ಕುಂತೈತಿ, ಕೈ ಕುಂತಿಲ್ಲ. ಒಂದ ಪದ್ಧತಿಯೊಳಗ ನೀವು ಹಿಡಸೂದಿಲ್ರೀ.”

ಶೀಲಾವತಿ ಗುಂಡನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು. ಹೆತ್ತ ಮಗ ಇಷ್ಟು ವರ್ಷ ನೋಡದ ಕೈಯನ್ನು ಪರದೆ ಬರೆಯುವವನು ಬಂದು ನೋಡಬೇಕಾಯಿತೇ?

ಚಿತ್ರ ಮುಗಿಯಿತು. ಚೆನ್ನಯ ಅದನ್ನು ಗಲ್ಲಾದ ಮೇಲೆ, ತೀರಿಹೋದ ಅಪ್ಪನ ಫೋಟೋದ ಪಕ್ಕಕ್ಕೇ ತೂಗುಹಾಕಿದ. ಬೆಳಿಗ್ಗೆ ಹೂವಿನವನು ಬಂದು ರೂಢಿಯಂತೆ ದೇವರಿಗೆ, ಅಪ್ಪನಿಗೆ ಹಾರ ಹಾಕಿ, ಪಕ್ಕದ ಹೊಸಬರಿಗೂ ಒಂದು ಹಾಕಿ ಹೋದ. ನೆರಳಿಲ್ಲದ ಬಿಳಿ ಮುಖ, ತಗ್ಗಿದ ರೆಪ್ಪೆ, ಮೇಲೆ ಹಾರ: ಗಿರಾಕಿಗಳಿಗೆ ಇನ್ನೇನು ಬೇಕು? ಫ್ಯಾಕ್ಟರಿಯ ಗುಮಾಸ್ತರು ಟೋಪಿ ತೆಗೆದು ನಿಂತರು. ದಿನಾ ಬರುವ ಕೊರಗಪ್ಪ ಕಣ್ಣೊರೆಸಿಕೊಂಡ.

“ಎಂಥ ದುಡಿದ ಕೈ ಮಾರಾಯ್ರೇ. ಉತ್ತರಕ್ರಿಯೆ ಯಾವಾಗ?”

ಅಷ್ಟರಲ್ಲಿ ಹಿಟ್ಟಿನ ಪಾತ್ರೆ ಹೊತ್ತು ಶೀಲಾವತಿಯೇ ಹೊರಗೆ ಬಂದಳು. ಕೊರಗಪ್ಪ ಇಡ್ಲಿಯನ್ನು ಇಡಿಯಾಗಿ ನುಂಗಿ ಓಡಿದವನು ಭಾಂಡುಪ್ ದಾಟಿದ ಮೇಲೇ ಉಸಿರು ಬಿಟ್ಟದ್ದು.

ಚೆನ್ನಯ ಗದಿಗೆಪ್ಪನನ್ನು ಕರೆಸಿ ಉರಿದುಬಿದ್ದ. “ಮುಖಕ್ಕೆ ನೆರಳು ಕೊಡು, ಕೆನ್ನೆಗೆ ಕೆಂಪು. ಆ ಕೈಗಳ ಮೇಲೆ ಸೆರಗು ಎಳೆ. ಜನ ನನ್ನನ್ನು ಎಂತ ಅಂದುಕೊಳ್ಳಬೇಕು?”

“ನಾ ಮುಟ್ಟೂದಿಲ್ರೀ.”

“ಹಾಗಾದರೆ ಇಳಿಸ್ತೇನೆ.” ಚೆನ್ನಯ ಸ್ಟೂಲು ಹತ್ತಿದ.

ಶೀಲಾವತಿ ಪಾತ್ರೆಯನ್ನು ಗಲ್ಲಾದ ಮೇಲೇ ಕುಕ್ಕಿದಳು. “ಇಳಿ ಕೆಳಗೆ. ಇಷ್ಟು ವರ್ಷ ಊಟ ಆಯ್ತಾ ಅಂತ ಕೇಳಿದವರಿಲ್ಲ, ಇವತ್ತು ಕೈ ನೋಡಿ ಅತ್ತರು. ಚಿತ್ರ ಅಲ್ಲೇ ಇರಲಿ.”

“ಅಮ್ಮ, ನೀನು ಸತ್ತಿದ್ದೀ ಅಂತ ತಿಳೀತಾರೆ ಜನ.”

“ತಿಳಿಯಲಿ. ಸತ್ತವರು ರುಬ್ಬುವುದಿಲ್ಲ. ಉದ್ದು ನೆನೆಹಾಕಿದ್ದು ಒಳಗೆ ಉಂಟು, ಹೋಗಿ ನೀನು ರುಬ್ಬು.”