ಅಣಬೆ ಕುಲದವಳ ಬೈಗುಳ

ಬನಾ ಸಂಪಾ ಬೈದರೆ ಊರಿಗೆ ಹಬ್ಬ. ಸಂಪಾ ಎಂಬ ಮಗಳನ್ನು ಹೆತ್ತ ಮೇಲೆ ಎಲ್ಲರೂ ಅವಳನ್ನು ಹಾಗೆ, ಸಂಪಾಳ ತಾಯಿ ಎಂದೇ ಕರೆದರು; ಸ್ವಂತ ಹೆಸರು ಅವಳಿಗೂ ಮರೆತಿತ್ತೋ ಏನೋ. ಗಂಡನನ್ನು ಬೈದು ಓಡಿಸಿದ್ದಳು. ಪಾದ್ರಿಯನ್ನು ಬೈದು ಮೆತ್ತಗೆ ಮಾಡಿದ್ದಳು. ಪಕ್ಕದ ಮನೆಯವಳಾದ ನನ್ನನ್ನು, ನನ್ನ ಕೋಳಿಗಳ ನೆಪದಲ್ಲಿ, ದಿನಾ ಬೆಳಿಗ್ಗೆ ಬೈಯುತ್ತಿದ್ದಳು. ನಾನೇನೂ ಬಾಯಿ ಮುಚ್ಚಿಕೊಂಡು ಇರುತ್ತಿರಲಿಲ್ಲ ಅನ್ನಿ.

ಆದರೆ ಹಕ್ಕಿನಿಂದ ಬೈಯುತ್ತಿದ್ದದ್ದು ನಮ್ಮೂರಿನವನೇ ಆದ ಕಲಬಾನನ್ನು. ಅವಳದು ಅಣಬೆ ಕುಲ, ಅವನದು ಮಳೆ ಕುಲ. ನಮ್ಮ ಬೆಂಬಾ ಜನರಲ್ಲಿ ಇವೆರಡು ಒಂದಕ್ಕೊಂದು ಬೈಗುಳದ ನೆಂಟರು. ಏನು ಬೇಕಾದರೂ ಅನ್ನಬಹುದು, ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. ಒಬ್ಬರ ಮನೆಯಲ್ಲಿ ಸಾವಾದರೆ ಇನ್ನೊಬ್ಬರೇ ಬಂದು ಗುಂಡಿ ತೋಡಬೇಕು, ಹೆಣಕ್ಕೂ ಹೆಣದ ಮಕ್ಕಳಿಗೂ ನಾಲ್ಕು ಬೈದು ಮಣ್ಣು ಮಾಡಬೇಕು. ಬೈಸಿಕೊಳ್ಳದೆ ಹೋದವರು ಮಣ್ಣಿನೊಳಗೆ ನೆಮ್ಮದಿಯಾಗಿ ಮಲಗುವುದಿಲ್ಲ.

"ನಾನು ಸುರೀದೆ ಇದ್ರೆ ನೀನೆಲ್ಲಿ ಹುಟ್ತಿದ್ದೆ, ಕೊಳೆತ ಅಣಬೆ?" ಎಂದು ಅವನು ರಾಗಿ ಹೆಂಡದ ಮಡಕೆಗೆ ಕುಡಿಯುವ ಕೊಳವೆ ಇಳಿಸಿಕೊಂಡು ಕೂತು ಶುರು ಮಾಡುವನು.

"ನೀನು ಸುರಿಯೋದು ಮೂಗಿಂದ ಮಾತ್ರ ಕಣೋ. ಒರೆಸ್ಕೊ ಮೊದ್ಲು," ಎನ್ನುವಳು ಇವಳು. ಊರು ಹೊಟ್ಟೆ ಹಿಡಿದುಕೊಂಡು ನಗುವುದು.

ಊರ ಹಿಂದಿನ ಗುಡ್ಡದ ತುಂಬ ಮುತೊಂದೊ ಮರಗಳು. ಮೊದಲ ಮಳೆಗಳಾದ ಮೇಲೆ ಅವುಗಳ ಬುಡದಲ್ಲಿ ಅಣಬೆ ಏಳುತ್ತದೆ. ಕಣಜ ಬರಿದಾಗಿ, ಹೊಸ ಜೋಳ ಇನ್ನೂ ಬಲಿಯದ ಆ ದಿನಗಳಲ್ಲಿ ಬನಾ ಸಂಪಾಳ ಮನೆಯಲ್ಲಿ ಮುದ್ದೆಗೆ ನೆಂಚಿಕೊಳ್ಳಲು ಇದ್ದದ್ದು ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ ಅಣಬೆ ಒಂದೇ. ಉಳಿದದ್ದನ್ನು ಹೆದ್ದಾರಿ ಬದಿಯಲ್ಲಿ ಮಾರುತ್ತಿದ್ದಳು. ಮಗಳು ಸಂಪಾ ಸತ್ತಳು, ಅವಳ ಮಕ್ಕಳು ಅಜ್ಜಿಯ ಬುಟ್ಟಿಯಿಂದಲೇ ಬೆಳೆದವು.

ಆಮೇಲೆ ಕಲಬಾ ಇದ್ದಿಲು ಸುಡುವುದಕ್ಕೆ ಇಳಿದ. ಪಟ್ಟಣದಿಂದ ಲಾರಿ ಬಂತು. ಗುಡ್ಡದ ಕೆಳಗಿನ ಅರ್ಧವನ್ನು ಒಂದು ಬೇಸಿಗೆಯಲ್ಲಿ ಕಡಿದು, ಮಣ್ಣು ಮುಚ್ಚಿ, ಸುಟ್ಟು, ಮೂಟೆ ಕಟ್ಟಿ ಕಳಿಸಿದ. ಮುಂದಿನ ಮಳೆ ಚೆನ್ನಾಗಿಯೇ ಬಂತು. ಕೆಳಗಿನ ಅರ್ಧದಲ್ಲಿ ಒಂದು ಅಣಬೆಯೂ ಏಳಲಿಲ್ಲ.

"ಸುರಿದಿದ್ದೀನಲ್ಲೇ ಬೇಕಾದಷ್ಟು. ಹುಟ್ಟು ಮತ್ತೆ," ಎಂದ ಕಲಬಾ. ಆ ದಿನ ಅವಳು ತಿರುಗಿ ಬೈಯಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಮೇಲಿನ ಅರ್ಧವೂ ತನಗೇ ಬೇಕೆಂದು ಅವನು ಊರ ಯಜಮಾನನನ್ನು ಕೇಳಿದಾಗ ಊರು ಸೇರಿತು. ಬನಾ ಸಂಪಾ ಎರಡು ಬೇರು ಹಿಡಿದುಕೊಂಡು ಬಂದಳು. ಒಂದು ಮೇಲಿನದು, ತುದಿಗಳಿಗೆಲ್ಲ ಬಿಳಿ ಎಳೆ ಸುತ್ತಿಕೊಂಡು ಪುಟ್ಟ ಕಾಲುಚೀಲ ಹಾಕಿದ ಹಾಗಿತ್ತು. ಇನ್ನೊಂದು ಸುಟ್ಟ ಜಾಗದ್ದು, ಬೋಳು.

"ನೋಡ್ರಪ್ಪ," ಎಂದಳು. "ಈ ಬಿಳೀದು ಅಣಬೆ ಮೈ. ನಾವು ಕೀಳೋದು ಅದರ ಕಾಯಿ ಮಾತ್ರ. ಮರ ಇದಕ್ಕೆ ಉಣ್ಣೋಕೆ ಕೊಡುತ್ತೆ, ಇದು ಮರಕ್ಕೆ ಮಣ್ಣಿಂದ ನೀರು, ಸತ್ವ ತಂದು ಕೊಡುತ್ತೆ. ನಿಮ್ಮ ಕಡಲೆಕಾಯಿ ಬೇರಲ್ಲಿ ಗಂಟು ಇರಲ್ವಾ? ಅದರೊಳಗೂ ಕಣ್ಣಿಗೆ ಕಾಣ್ದಿರೋವು ಕೂತ್ಕೊಂಡು ಗಿಡಕ್ಕೆ ಅಡುಗೆ ಮಾಡಿ ಹಾಕ್ತವೆ, ಗಿಡ ಅವುಗಳ್ನ ಸಾಕುತ್ತೆ. ಹಂಗೇ ಇದು. ಒಂದನ್ನ ಕೊಂದ್ರೆ ಇನ್ನೊಂದೂ ಸಾಯುತ್ತೆ. ಈ ಕಲಬಾ ಕಳ್ಳ. ನನ್ನ ಮೊಮ್ಮಕ್ಕಳ ಬಾಯಿಂದ ಕಿತ್ಕೋತಾ ಇದ್ದಾನೆ."

ಕಳ್ಳ ಎಂದದ್ದೇ ತಡ, ಊರು ಗೊಳ್ಳೆಂದು ನಕ್ಕಿತು. ಕಲಬಾ ಎದ್ದು ನಿಂತು ಕುಣಿದ. "ಕಳ್ಳ ಅಂದ್ಲಪ್ಪ ನನ್ನ ಅಣಬೆ! ಇನ್ನೊಂದ್ಸಲ ಹೇಳೇ, ಇಂಪಾಗಿದೆ."

"ನಾನು ತಮಾಷೆ ಮಾಡ್ತಿಲ್ಲ," ಎಂದಳು ಅವಳು. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಟನೆ ಎಷ್ಟು ಚೆನ್ನಾಗಿದೆ ಎಂದು ನನ್ನ ಪಕ್ಕದಲ್ಲಿದ್ದವಳು ನನ್ನ ತೊಡೆ ಚಿವುಟಿದಳು. ನನಗೆ ಆ ಚಿವುಟಿದವಳ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಜೀವಮಾನವೆಲ್ಲ ಆಡಿದ ಬೈಗುಳ ಈಗ ಬನಾ ಸಂಪಾಳ ಬಾಯಿಗೇ ಬೀಗ ಹಾಕಿತ್ತು. ಯಜಮಾನ ಕಣ್ಣೊರೆಸಿಕೊಂಡು, "ಆಯ್ತು, ಸುಗ್ಗಿ ಮುಗಿದ್ಮೇಲೆ ಕಡ್ಕೊ," ಎಂದು ಕಲಬಾನಿಗೆ ಹೇಳಿ ಎದ್ದ. ಕೋಣನ ಮುಂದೆ ಕಿನ್ನರಿ ಎಂದರೆ ಕೋಣಕ್ಕೆ ಅವಮಾನ.

ಸುಗ್ಗಿ ಮುಗಿಯಿತು. ಕೊಡಲಿಗಳಿಗೆ ಸಾಣೆ ಹಿಡಿಸಿದ್ದೂ ಆಯಿತು. ಅಷ್ಟರಲ್ಲಿ ಕಲಬಾನ ತಾಯಿ ತೀರಿಕೊಂಡಳು.

ಅಣಬೆ ಕುಲದವರು ಬರಬೇಕು. ನಮ್ಮೂರಲ್ಲಿ ಆ ಕುಲದ ಹಿರಿಯಳು ಬನಾ ಸಂಪಾ. ಬಂದಳು. ತನ್ನ ಕುಲದ ಗಂಡಸರ ಜೊತೆ ಸೇರಿ ತಾನೂ ಗುದ್ದಲಿ ಹಿಡಿದು ಗುಂಡಿ ತೋಡಿದಳು. ಹೆಣ ಪಕ್ಕದಲ್ಲಿಟ್ಟು ಎಲ್ಲರೂ ಅವಳ ಬಾಯಿಗಾಗಿ ಕಾದರು. ಅವಳು ಸೆರಗಿನಲ್ಲಿ ಮಣ್ಣು ಒರೆಸಿಕೊಂಡು ಕಲಬಾನ ಮುಂದೆ ಮಂಡಿಯೂರಿ, ಪರವೂರಿನ ದೊಡ್ಡವರಿಗೆ ಮಾಡುವ ಹಾಗೆ ಕೈ ತಟ್ಟಿ ನಮಸ್ಕರಿಸಿದಳು.

"ತಮ್ಮ ತಾಯಿಯವರು ಬಹಳ ಒಳ್ಳೆಯವರು ಸ್ವಾಮಿ. ತಮಗೆ ದೇವರು ಸಮಾಧಾನ ಕೊಡಲಿ."

ಯಾರೋ ನಗಲು ಹೋಗಿ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದ ಹೆಂಗಸರೂ ತಲೆ ಎತ್ತಿ ನೋಡಿದರು.

"ಬೈಯೇ," ಎಂದ ಕಲಬಾ.

"ತಮ್ಮನ್ನು ಬೈಯೋಕೆ ನಾನ್ಯಾರು ಸ್ವಾಮಿ? ನೆಂಟರಾದ್ರೆ ಬೈತಾರೆ."

"ನಮ್ಮವ್ವನ್ನ ಹಿಂಗೆ ಕಳಿಸ್ಬೇಡ್ವೇ. ಬೇಕಾದ್ರೆ ನನಗೆ ಹೊಡಿ."

"ತಾವು ದೊಡ್ಡವರು," ಎಂದಳು.

ಆಗ ಊರಿಗೆ ಅರ್ಥವಾಯಿತು. ಆ ದಿನ ಸಭೆಯಲ್ಲಿ ಅವಳು ನಿಜವಾಗಿ ಅತ್ತಿದ್ದಳು ಎಂಬುದು ಒಬ್ಬೊಬ್ಬರ ಮುಖದಲ್ಲೂ ಇಳಿಯುವುದನ್ನು ನಾನು ನೋಡಿದೆ, ಸಂತೋಷವೂ ಪಟ್ಟೆ. ಬಿಸಿಲು ಏರಿತು. ಹೆಣದ ಮೇಲೆ ನೊಣ ಕೂರತೊಡಗಿದವು. ಯಜಮಾನ ಬಗ್ಗಿ ಕಲಬಾನ ಕಿವಿಯಲ್ಲಿ ಏನೋ ಹೇಳಿದ.

"ಮೇಲಿನ ಮರ ಮುಟ್ಟಲ್ಲ," ಎಂದ ಕಲಬಾ. "ಅವ್ವನ ಹೆಣದ ಮುಂದೆ ಹೇಳ್ತಿದ್ದೀನಿ."

ಬನಾ ಸಂಪಾ ಎದ್ದು ಹೆಣದ ಬಳಿ ಹೋದಳು. "ಏ ಸೋರುಬುರುಡೆ ಮುದುಕಿ," ಎಂದಳು, ಅವಳ ಹಳೆಯ ದನಿಯಲ್ಲೇ. "ಬದುಕಿರೋಗಂಟ ನಮ್ಮ ಸೂರೆಲ್ಲ ನೆನೆಸ್ದೆ. ಈಗ ಒಣಗು ಹೋಗು, ಸೋಮಾರಿ." ಹೆಂಗಸರು ಅಳುತ್ತಲೇ ನಕ್ಕರು. ಅಣಬೆ ಕುಲದವರು ಹೆತ್ತ ತಾಯಿಯನ್ನು ಮಲಗಿಸಿದಷ್ಟು ಮೆಲ್ಲಗೆ ಮುದುಕಿಯನ್ನು ಗುಂಡಿಯೊಳಗೆ ಇಳಿಸಿದರು.

ಕಲಬಾ ಮಾತಿಗೆ ತಪ್ಪಲಿಲ್ಲ. ಗುಡ್ಡದ ಮೇಲಿನ ಅರ್ಧ ಉಳಿಯಿತು. ಕೆಳಗೆ ಮೋಟುಗಳು ಚಿಗುರಿವೆ, ಅಣಬೆ ಇನ್ನೂ ಬಂದಿಲ್ಲ.

ಎಷ್ಟೋ ತಿಂಗಳಾದ ಮೇಲೆ, ಒಂದು ಮದುವೆಯಲ್ಲಿ, ಹೆಂಡದ ಮಡಕೆ ಮುಂದೆ ಕಲಬಾ ಧೈರ್ಯ ಮಾಡಿ ಬಾಯಿ ತೆರೆದ. "ನಾನು ಸುರೀದೆ ಇದ್ರೆ ನೀನೆಲ್ಲಿ ಹುಟ್ತಿದ್ದೆ?"

ಎಲ್ಲರೂ ಬನಾ ಸಂಪಾಳ ಕಡೆ ತಿರುಗಿದೆವು.

"ಹೌದು ಸ್ವಾಮಿ," ಎಂದು ಅವಳು ಕುಡಿಯುವ ಕೊಳವೆಯನ್ನು ಎರಡು ಕೈಯಲ್ಲೂ ಹಿಡಿದು ಅವನಿಗೆ ಕೊಟ್ಟಳು. "ಎಲ್ಲಾ ತಮ್ಮ ದಯೆ."