ಗಾಳಿಯಿಲ್ಲದ ಡಬ್ಬಿಯೊಳಗಿನ ಹೊಡೆತ

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ಮೈಯೆಲ್ಲ ಉರಿಯುತ್ತಿತ್ತು. ತೀರಿಹೋದ ತನ್ನ ಅಣ್ಣನ ಕೆಮ್ಮು ಕೇಳಿಸಿತು ಎಂದು ನಮ್ಮ ಸೋದರಮಾವ ಹೇಳಿದಾಗ, ಊಟದ ತಟ್ಟೆ ಸರಿಸಿ ಎದ್ದುಹೋದವನು ನಾನು. ಈಗ ನಾನೇ ಹೇಳಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ದಾಂಡೇಲಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿದ್ದೆ. ಗಾಳಿಯ ಮಾದರಿ ತರುವ ಸ್ಟೀಲ್ ಕ್ಯಾನಿಸ್ಟರುಗಳನ್ನು ಸಿದ್ಧ ಮಾಡುವುದು ನನ್ನ ಕೆಲಸ. ಕುಂಬಳಕಾಯಿ ಗಾತ್ರದ ಗುಂಡು ಡಬ್ಬಿ. ಅದನ್ನು ಕಾಯಿಸಿ, ಶುದ್ಧ ನೈಟ್ರೋಜನ್ ತುಂಬಿ, ಪಂಪಿನಿಂದ ಹೀರಿ, ಮತ್ತೆ ತುಂಬಿ, ಮತ್ತೆ ಹೀರಿ, ಕೊನೆಗೆ ಒಳಗೆ ಏನೂ ಉಳಿಯದಂತೆ ಮಾಡಿ ವಾಲ್ವ್ ಮುಚ್ಚಬೇಕು. ಮಾದರಿ ಬೇಕಾದ ಜಾಗದಲ್ಲಿ ವಾಲ್ವ್ ತೆರೆದರೆ ಅಲ್ಲಿನ ಗಾಳಿಯನ್ನು ಅದೇ ಎಳೆದುಕೊಳ್ಳುತ್ತದೆ. ಬಾಯಿಗೆ ರೆಗ್ಯುಲೇಟರ್ ಕೂಡಿಸಿದ್ದರೆ ಇಡೀ ದಿನ ಸದ್ದಿಲ್ಲದೆ ಎಳೆಯುತ್ತದೆ. ಅದಿಲ್ಲದಿದ್ದರೆ ಒಂದೇ ಸಲಕ್ಕೆ ಬುಸ್ಸೆಂದು ಎಳೆದು ಮುಗಿಸುತ್ತದೆ.

ಊರೂರಿಗೆ ಹೋಗಿ ಮಾದರಿ ತರುತ್ತಿದ್ದವನು ಬಸ್ತ್ಯಾಂವ್. ಹಳಿಯಾಳ ಕಡೆಯ ಸಿದ್ದಿ ಕ್ರಿಶ್ಚಿಯನ್ನರವನು, ಇಬ್ಬರು ಹೆಣ್ಣುಮಕ್ಕಳ ತಂದೆ, ಮಾತು ಕಡಿಮೆ. ಅವನಿಗೊಂದು ಚಟವಿತ್ತು: ಕೈಯಿಂದ ಮುಚ್ಚಬೇಕಾದ ವಾಲ್ವನ್ನು ಪಾನಾ, ಅಂದರೆ ಸ್ಪ್ಯಾನರ್, ಹಾಕಿ ಬಿಗಿಯುವುದು. ಹಾಗೆ ಬಿಗಿದರೆ ವಾಲ್ವಿನ ಒಳಭಾಗ ಕೆಟ್ಟು ಡಬ್ಬಿ ಕೆಲಸಕ್ಕೆ ಬಾರದಂತಾಗುತ್ತದೆ. ಇದು ನಡೆದ ದಿನ ಬೆಳಿಗ್ಗೆ ಇನ್ನೊಂದು ಡಬ್ಬಿಯ ಕತೆ ಮುಗಿದದ್ದು ಕಂಡು ನನ್ನ ತಲೆ ಕೆಟ್ಟಿತು. ಪಾನಾ ಎತ್ತಿ ಗೋಡೆಗೆ ಬೀಸಿದೆ. ಅವನ ತಲೆಯ ಪಕ್ಕದಲ್ಲೇ ಗಾರೆ ಕಿತ್ತು ಬಿತ್ತು.

"ಕೈ ಐತೇನಲೇ, ಒನಕಿ ಐತೇನಲೇ ನಿಂದು?" ಎಂದು ಕೂಗಾಡಿದೆ.

"ಸೋರಬಾರ್ದಂತ ಬಿಗದಿದ್ನಿರಿ ಸರ್. ಬೈರಿ ಬೇಕಾದ್ರ, ಸಾಮಾನು ಎಸಿಬ್ಯಾಡ್ರಿ," ಎಂದ.

ಎದುರುತ್ತರ ಕೊಟ್ಟನಲ್ಲ ಎಂದು ಇನ್ನಷ್ಟು ಸಿಟ್ಟು ಬಂತು. ಅವನು ಒಯ್ಯಬೇಕಾದ ಕ್ಯಾನಿಸ್ಟರನ್ನು ಪೆಟ್ಟಿಗೆಗೆ ತುರುಕಿ ಅವನ ಎದೆಗೆ ದೂಡಿದೆ. ಆ ಸಿಟ್ಟಿನಲ್ಲಿ ರೆಗ್ಯುಲೇಟರ್ ಕೂಡಿಸಲು ಮರೆತೆ. ಅದಿಲ್ಲದೆ ಕೊಟ್ಟರೆ ಒಂದೇ ಸಲಕ್ಕೆ ತುಂಬಬೇಕು ಎಂದೇ ಅವನು ತಿಳಿಯುತ್ತಿದ್ದ. ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ಹೋದ. ಅವನು ಹೊರಟದ್ದು ಹಳಿಯಾಳದಾಚೆಯ ಒಂದು ಹಳ್ಳಿಗೆ. ಅಲ್ಲಿ ಯಾರೋ ಕದ್ದು ಟಯರು, ವೈರು ಸುಡುತ್ತಿದ್ದರು, ಹೊಗೆಗೆ ಮಕ್ಕಳು ವಾಂತಿ ಮಾಡಿಕೊಳ್ಳುತ್ತಿದ್ದವು, ಜನ ರೊಚ್ಚಿಗೆದ್ದಿದ್ದರು.

ನಾನು ಇನ್ನೂ ಮೂರು ಡಬ್ಬಿಗಳ ಗಾಳಿ ಹೀರಿ, ಪಂಪ್ ಆರಿಸಿ, ವಾಲ್ವ್ ಮುಚ್ಚಿ, ಸೋರುತ್ತವೆಯೋ ನೋಡಲು ಮೇಜಿನ ಮೇಲಿಟ್ಟೆ. ರಿಜಿಸ್ಟರಿನಲ್ಲಿ ಹೊತ್ತು ಬರೆದೆ, ಹನ್ನೊಂದು ಹತ್ತು. ಪೆನ್ನು ಕೆಳಗಿಡುವಷ್ಟರಲ್ಲಿ ಮೊದಲ ಹೊಡೆತ ಕೇಳಿಸಿತು.

ಲೋಹದ ಸದ್ದಲ್ಲ ಅದು. ಮನುಷ್ಯನ ಬೆನ್ನಿಗೆ ಬಡಿಗೆ ಬೀಳುವ ಸದ್ದು. ಮತ್ತೊಂದು, ಇನ್ನೊಂದು. ನಡುವಿನ ಡಬ್ಬಿಯಿಂದ ಬರುತ್ತಿತ್ತು. ಗಾಳಿಯೇ ಇಲ್ಲದ ಕಡೆ ಸದ್ದು ಇರುವುದಿಲ್ಲ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಡಬ್ಬಿಗೆ ಕಿವಿ ಹಚ್ಚಿದೆ. ಹಲ್ಲು ಮುರಿಯುವ ಸದ್ದು. ಬಾಯಿ ತುಂಬ ರಕ್ತ ಇದ್ದವನು ಉಸಿರೆಳೆಯುವ ಗೊರಗೊರ. ಆಮೇಲೆ ಸ್ಪಷ್ಟವಾಗಿ ಬಸ್ತ್ಯಾಂವನ ದನಿ:

"ಗಾಳಿ ಬಿಡೂದಲ್ರಿ ಇದು! ಒಳಗ ಎಳಕೊಳ್ಳೂದ್ರಿ!"

ಮತ್ತೊಂದು ಹೊಡೆತ ಬಿದ್ದು ಎಲ್ಲ ನಿಂತಿತು. ಡಬ್ಬಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಬಸ್ತ್ಯಾಂವನಿಗೆ ಕರೆ ಮಾಡಲೆಂದು ಫೋನ್ ಎತ್ತಿಕೊಂಡೆ, ಮತ್ತೆ ಕೆಳಗಿಟ್ಟೆ. ಪಕ್ಕದ ಗ್ಯಾರೇಜಿನಲ್ಲಿ ಏನೋ ಬಡಿಯುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಚಹಾಕ್ಕೆ ಹೋದೆ.

ಹನ್ನೆರಡರ ಸುಮಾರಿಗೆ ಬಸ್ತ್ಯಾಂವನ ಫೋನಿನಿಂದ ಕರೆ ಬಂತು. ಮಾತಾಡಿದವನು ಕಬ್ಬಿನ ಲಾರಿಯ ಚಾಲಕ. "ನಿಮ್ಮ ಮನಷ್ಯಾನ್ನ ಮಂದಿ ಕೊಲ್ಲಾಕ ಹತ್ತಿದ್ರು. ಲಾರಿ ನಡುವ ನುಗ್ಗಿಸಿ ಬಿಡಿಸೇನಿ. ಲಗೂನ ಬರ್ರಿ."

ಆದದ್ದು ಇಷ್ಟು. ಬಸ್ತ್ಯಾಂವ್ ಶಾಲೆಯ ಕಂಪೌಂಡಿನ ಬಳಿ ವಾಲ್ವ್ ತೆರೆದಿದ್ದಾನೆ, ಡಬ್ಬಿ ಬುಸ್ಸೆಂದಿದೆ. ದಿನವೂ ವಿಷ ಬಿಡುವವನು ಇವನೇ ಎಂದು ಯಾರೋ ಕಿರುಚಿದ್ದಾರೆ. ಮೊದಲು ಕಬ್ಬಿನ ಜಲ್ಲೆ, ಆಮೇಲೆ ಬಡಿಗೆ, ಕೊನೆಗೆ ಆ ಡಬ್ಬಿಯಿಂದಲೇ ಬಾಯಿಗೆ ಜಜ್ಜಿದ್ದಾರೆ. ನಾಲ್ಕು ಹಲ್ಲು ಹೋದವು, ದವಡೆ ಮುರಿಯಿತು, ಎಡಗಿವಿ ಶಾಶ್ವತವಾಗಿ ಕಿವುಡಾಯಿತು. ಡಬ್ಬಿ ನನ್ನ ಕೈಗೆ ಬಂದಾಗ ವಾಲ್ವಿಗೆ ಅವನ ಕೂದಲು ಅಂಟಿತ್ತು.

ದವಡೆ ಕೂಡಿದ ಮೇಲೆ ಅವನ ಮನೆಗೆ ಹೋದೆ. ಜನ ಹೊಡೆಯುವಾಗ ತಾನು ಏನೆಂದು ಕೂಗಿದೆ ಎಂದು ಅವನಾಗಿಯೇ ಹೇಳಿದ. ನಾನು ಕೇಳಿದ ಅದೇ ಮಾತು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ರೆಗ್ಯುಲೇಟರಿನ ಮಾತಿಗೆ, "ಆತು ಬಿಡ್ರಿ ಸರ್," ಎಂದ. ದನಿ ಕೇಳಿದ್ದು ಹೇಳಿದಾಗ ಮಾತ್ರ ನೆಟ್ಟಗೆ ಕುಳಿತ.

"ಎಷ್ಟೊತ್ತಿಗ್ರಿ?"

"ಹನ್ನೊಂದೂ ಹತ್ತಕ್ಕ."

"ಆಗ ನಾ ಇನ್ನೂ ಹಳಿಯಾಳ ಬಸ್ ಸ್ಟ್ಯಾಂಡಿನ್ಯಾಗ ಚಹಾ ಕುಡ್ಯಾಕ ಹತ್ತಿದ್ನಿರಿ. ವಾಲ್ವ್ ತೆಗದದ್ದು ಹನ್ನೊಂದೂ ನಲವತ್ತಕ್ಕ. ಡಬ್ಬಿ ಚೀಟಿ ಮ್ಯಾಲ ಬರದೇನಿ, ನೋಡ್ರಿ." ಕೇಳಿಸುವ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ, "ಒಂದ್ ಫೋನ್ ಯಾಕ ಮಾಡ್ಲಿಲ್ರಿ ಸರ್?" ಎಂದ.

ಭ್ರಮೆ ಅಂದುಕೊಂಡೆ ಎಂದೆ. ಚೀಟಿಯನ್ನೂ ಆಮೇಲೆ ನೋಡಿದೆ, ಅವನು ಹೇಳಿದ ಹೊತ್ತೇ ಇತ್ತು. ಇನ್ನೂ ಬೀಳದ ಹೊಡೆತ ನನಗೆ ಹೇಗೆ ಕೇಳಿಸಿತು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಆದರೆ ಭ್ರಮೆ ಅಂದುಕೊಂಡೆ ಎಂದದ್ದು ಸುಳ್ಳು. ದನಿ ಅವನದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎದುರುತ್ತರ ಕೊಟ್ಟವನು ಅವನು, ಮೊದಲು ಅವನೇ ಫೋನ್ ಮಾಡಲಿ ಎಂದು ಕೆಳಗಿಟ್ಟಿದ್ದೆ. ಇದನ್ನು ಅವನಿಗೆ ಇನ್ನೂ ಹೇಳಿಲ್ಲ.