ಪಟವೇಗಾರರ ಎದುರು ಕುಳಿತದ್ದು

ಅವ್ವನ ಗುಂಡಿನ ಸರದ ದಾರ ಸವೆದಿತ್ತು. ಸಂಜೆ ಬ್ಯಾಡಗಿಯಲ್ಲಿ ಅಕ್ಕನ ನಿಶ್ಚಿತಾರ್ಥಕ್ಕೆ ಅವ್ವ ಅದನ್ನೇ ಹಾಕಿಕೊಳ್ಳಬೇಕಿತ್ತು. ಹಾವೇರಿಯಲ್ಲಿ ಸರ ಪೋಣಿಸಿ ಕಟ್ಟುವ ಪಟವೇಗಾರ ಚಾಚಾ, ನಾನು ತಂದುಕೊಟ್ಟ ಬಂಗಾರದ ಗುಂಡುಗಳನ್ನು ಕೆಂಪು ರೇಷ್ಮೆ ದಾರಕ್ಕೆ ಪೋಣಿಸತೊಡಗಿದರು. ಬ್ಯಾಡಗಿ ಬಸ್ ಬಂತೇ ಎಂದು ನೋಡಲು ನಾನು ಎದ್ದೆ. ಅವರ ಕೈ ನಿಂತಿತು.

“ಬಂಗಾರ ಕೊಟ್ಟವರು ಎದುರಿಗೆ ಕುಂದ್ರಬೇಕವಾ.”

“ನನಗ ನಿಮ್ಮ ಮ್ಯಾಲ ನಂಬಿಕಿ ಐತ್ರಿ.”

“ನಂಬಿಕಿ ಇದ್ರ ಕುಂದ್ರಾಕ ಏನ್ ತ್ರಾಸು?”

ವಾದದಲ್ಲಿ ಸೋತದ್ದಕ್ಕಿಂತ ಗಡಿಯಾರವೇ ಹೆಚ್ಚು ಕಾಡಿತು. ಕಾಲು ಕುಣಿಸುತ್ತ ಕುಳಿತೆ. ಅವರು ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಹುರಿ ಮಾಡುವುದನ್ನು ನೋಡುತ್ತಲೇ ಉಳಿದೆ. ಬಸ್ ಹೋಯಿತು.

“ಮುಗೀತವಾ,” ಎಂದು ಸರ ಚಾಚಿದರು. ಒಂದು ತುದಿಯ ದಾರದ ಕುಚ್ಚು ಇನ್ನೊಂದಕ್ಕಿಂತ ದಪ್ಪಗಿತ್ತು. ಅಷ್ಟರಲ್ಲಿ ಅವ್ವನ ಫೋನ್ ಬಂತು, ಬೈಗುಳದೊಂದಿಗೆ.

“ಮುಂದಿನ ಬಸ್ಸಿಗೆ ಇನ್ನೂ ಅರ್ಧ ತಾಸು ಐತಿ. ಬಿಚ್ಚಿ ಮತ್ತ ಕಟ್ರಿ ಚಾಚಾ,” ಎಂದು ಫೋನನ್ನು ಕಿವಿಯಿಂದ ದೂರ ಹಿಡಿದೆ.